ಹೆಸರು ಉಳಿಯಿತು, ಮನುಷ್ಯ ಮರೆಯಾದ: ರುಡಾಲ್ಫ್ ಡೀಸೆಲ್ ಮತ್ತು ರೈಲು ಎಂಜಿನ್

ಹಳಿಗಳ ಮೇಲೆ ವಿದ್ಯುತ್ ತಂತಿ ಬರುವುದಕ್ಕೆ ಮುಂಚೆ ಗುಂತಕಲ್ಲಿನಲ್ಲೋ ಸೊಲ್ಲಾಪುರದಲ್ಲೋ ಕಾಸರಗೋಡಿನಲ್ಲೋ ಗಾಡಿಗಾಗಿ ಕಾದು ನಿಂತವರಿಗೆ ಒಂದು ದೃಶ್ಯ ನೆನಪಿರಬಹುದು. ಗಾರ್ಡಿನ ಹಸಿರು ಬಾವುಟ ಕಂಡೊಡನೆ ಎಂಜಿನ್ನಿನ ಗರ್ಜನೆ ಏರುತ್ತದೆ, ಹೊಗೆ ಮೇಲೇಳುತ್ತದೆ, ಪ್ಲಾಟ್‌ಫಾರ್ಮಿನ ನೆಲ ಸಣ್ಣಗೆ ನಡುಗುತ್ತದೆ. ಗಾಲಿಗಳು ಮಾತ್ರ ಇನ್ನೂ ಅಂಗುಲ ಅಂಗುಲವಾಗಿ ಸರಿಯುತ್ತಿರುತ್ತವೆ. ಲಾರಿಯಲ್ಲಿ ಹೀಗಿಲ್ಲ. ಅಲ್ಲಿ ಗೇರು ಬದಲಾದಂತೆ ಸದ್ದೂ ಏರಿಳಿಯುತ್ತದೆ. ರೈಲು ಎಂಜಿನ್ನಿನ ಸದ್ದಿಗೂ ಅದರ ಓಟಕ್ಕೂ ನೇರ ಸಂಬಂಧವೇ ಇಲ್ಲವೇನೋ ಎಂದು ಅನುಮಾನಿಸಿದ ಮಕ್ಕಳ ಊಹೆ ಸರಿಯಾದುದೇ. ಏಕೆಂದರೆ ಅದರೊಳಗಿನ ಡೀಸೆಲ್ ಎಂಜಿನ್ ಗಾಲಿಯನ್ನು ಮುಟ್ಟುವುದೇ ಇಲ್ಲ. ಏಕೆ ಮುಟ್ಟುವುದಿಲ್ಲ ಎಂಬುದನ್ನು ತಿಳಿಯಬೇಕಾದರೆ, ಅದನ್ನು ಮುಟ್ಟಿಸಲು ಹೋಗಿ ಸೋತ ಮನುಷ್ಯನ ಬಾಳನ್ನು ತಿಳಿಯಬೇಕು.

ಡೀಸೆಲ್ ಎಂಬುದು ನಮಗೆ ಒಂದು ಎಣ್ಣೆ. ಅದರ ಬೆಲೆ ಏರಿತು, ಇಳಿಯಿತು ಎನ್ನುತ್ತೇವೆ. ಆದರೆ ಅದು ಮೊದಲು ಒಂದು ಮನೆತನದ ಹೆಸರು. ಆದುದರಿಂದ ಈ ಬರಹದಲ್ಲಿ ಮನುಷ್ಯನನ್ನು ಹೇಳುವಾಗ ಡೀಸೆಲ್ ಅವರು ಎಂದೇ ಬರೆಯುತ್ತೇವೆ. ಎಣ್ಣೆಗೆ ಆ ಗೌರವದ ಅಗತ್ಯವಿಲ್ಲ.

ರುಡಾಲ್ಫ್ ಕ್ರಿಶ್ಚಿಯನ್ ಕಾರ್ಲ್ ಡೀಸೆಲ್ 1858ರ ಮಾರ್ಚ್ 18ರಂದು ಪ್ಯಾರಿಸ್ ನಗರದಲ್ಲಿ ಹುಟ್ಟಿದನು. ತಂದೆ ಥಿಯೊಡೋರ್ ಜರ್ಮನಿಯ ಬವೇರಿಯಾ ಪ್ರಾಂತದ ಆಗ್ಸ್‌ಬರ್ಗಿನಿಂದ ಬದುಕನ್ನರಸಿ ಪ್ಯಾರಿಸಿಗೆ ಬಂದ ಪುಸ್ತಕ ಕಟ್ಟುವ ಕಸುಬಿನವರು. ಅಲ್ಲಿ ಚರ್ಮದ ವಸ್ತುಗಳನ್ನು ತಯಾರಿಸಿ ಮಾರುತ್ತಿದ್ದರು. ತಾಯಿ ಎಲಿಸೆಯೂ ಜರ್ಮನ್ ಮನೆತನದವರು. ಮೂವರು ಮಕ್ಕಳಲ್ಲಿ ರುಡಾಲ್ಫ್ ನಡುವಿನವನು. ಮನೆಯೊಳಗೆ ಜರ್ಮನ್ ನುಡಿ, ಬಾಗಿಲು ದಾಟಿದರೆ ಫ್ರೆಂಚ್. ಶಾಲೆಯ ಪಾಠವೂ ಆಟದ ಜಗಳವೂ ಫ್ರೆಂಚಿನಲ್ಲಿಯೇ. ಬಿಡುವು ಸಿಕ್ಕಾಗ ನಗರದ ಯಂತ್ರ ಸಂಗ್ರಹಾಲಯಕ್ಕೆ ಹೋಗಿ ಹಳೆಯ ಯಂತ್ರಗಳ ಮುಂದೆ ಗಂಟೆಗಟ್ಟಲೆ ನಿಲ್ಲುವುದು ಹುಡುಗನ ರೂಢಿಯಾಗಿತ್ತು. ಮನೆಯ ನುಡಿ ಒಂದು, ಬೀದಿಯ ನುಡಿ ಇನ್ನೊಂದು ಎಂಬ ಬದುಕು ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾದದ್ದಲ್ಲ. ಜರ್ಮನ್ ಮಾತಾಡುವ ಮನೆಯ ಈ ಹುಡುಗ ತನ್ನನ್ನು ಪ್ಯಾರಿಸಿನವನೆಂದೇ ತಿಳಿದಿದ್ದನು. ಓದಿನಲ್ಲಿ ಮುಂದಿದ್ದ ಅವನಿಗೆ ಶಿಕ್ಷಣ ಸಂಘವೊಂದು ಕಂಚಿನ ಪದಕವನ್ನೂ ನೀಡಿತ್ತು.

1870ರಲ್ಲಿ ಫ್ರಾನ್ಸಿಗೂ ಪ್ರಶ್ಯಕ್ಕೂ ಯುದ್ಧ ಹತ್ತಿತು. ಜರ್ಮನ್ ಮೂಲದವರೆಲ್ಲರೂ ಒಮ್ಮೆಲೆ ಪರಕೀಯರಾದರು. ಅಂಗಡಿ, ಗಿರಾಕಿ, ಮನೆ ಎಲ್ಲವನ್ನೂ ಬಿಟ್ಟು ಡೀಸೆಲ್ ಕುಟುಂಬ ಲಂಡನ್ನಿಗೆ ಹೊರಡಬೇಕಾಯಿತು. ಹನ್ನೆರಡು ವರ್ಷದ ಹುಡುಗನಿಗೆ ಈಗ ಎರಡನೆಯ ದೇಶ, ಮೂರನೆಯ ನುಡಿ. ಲಂಡನ್ನಿನಲ್ಲಿ ತಂದೆಗೆ ಸಂಪಾದನೆ ಕುದುರಲಿಲ್ಲ. ಮಗನ ಓದಾದರೂ ನಿಲ್ಲದಿರಲಿ ಎಂದು ಯುದ್ಧ ಇನ್ನೂ ಮುಗಿಯದ ಆ ಚಳಿಗಾಲದ ಮೊದಲಲ್ಲಿ ಅವನೊಬ್ಬನನ್ನೇ ಆಗ್ಸ್‌ಬರ್ಗಿನ ಬಂಧುಗಳ ಮನೆಗೆ ಕಳುಹಿಸಿದರು. ಅಲ್ಲಿ ಕ್ರಿಸ್ಟೋಫ್ ಬಾರ್ನಿಕೆಲ್ ಎಂಬವರು ಕಸುಬು ಕಲಿಸುವ ಸರಕಾರಿ ಶಾಲೆಯಲ್ಲಿ ಗಣಿತದ ಉಪಾಧ್ಯಾಯರು. ಆ ಚಿಕ್ಕಪ್ಪ ಚಿಕ್ಕಮ್ಮಂದಿರು ಹುಡುಗನನ್ನು ಇರಿಸಿಕೊಂಡು ಅದೇ ಶಾಲೆಗೆ ಸೇರಿಸಿದರು. ಹದಿನಾಲ್ಕನೆಯ ವಯಸ್ಸಿನಲ್ಲಿ ಅವನು ತಾನು ಎಂಜಿನಿಯರ್ ಆಗುವೆನೆಂದು ತಂದೆತಾಯಿಗಳಿಗೆ ಪತ್ರ ಬರೆದನು. 1873ರಲ್ಲಿ ಶಾಲೆಯನ್ನು ಮುಗಿಸಿದಾಗ ತರಗತಿಗೆ ಅವನೇ ಮೊದಲಿಗ. ಎರಡು ವರ್ಷಗಳ ಅನಂತರ ಮ್ಯೂನಿಕ್ಕಿನ ಪಾಲಿಟೆಕ್ನಿಕ್ ವಿದ್ಯಾರ್ಥಿವೇತನ ಕೊಟ್ಟು ಕರೆದುಕೊಂಡಿತು. ಮಗ ಬೇಗನೆ ದುಡಿದು ನೆರವಾಗಬೇಕೆಂಬುದು ತಂದೆತಾಯಿಗಳ ಬಯಕೆಯಾಗಿತ್ತು. ಅವನು ಓದನ್ನು ಆರಿಸಿಕೊಂಡನು.

ಮ್ಯೂನಿಕ್ಕಿನಲ್ಲಿ ಅವನಿಗೆ ದೊರೆತ ಗುರು ಕಾರ್ಲ್ ಫಾನ್ ಲಿಂಡೆ. ಶೀತಲೀಕರಣ ಯಂತ್ರಗಳ ಜನಕರೆಂದು ಇಂದಿಗೂ ನೆನೆಯಲ್ಪಡುವವರು. ಉಷ್ಣ ಹೇಗೆ ಕೆಲಸವಾಗಿ ಮಾರ್ಪಡುತ್ತದೆ ಎಂಬುದನ್ನು ಕಲಿಸುವಾಗ ಲಿಂಡೆಯವರು ಉಗಿಯಂತ್ರದ ದುಂದುಗಾರಿಕೆಯನ್ನು ಲೆಕ್ಕ ಹಾಕಿ ತೋರಿಸುತ್ತಿದ್ದರು. ಸುಟ್ಟ ಕಲ್ಲಿದ್ದಲಿನ ಶಕ್ತಿಯಲ್ಲಿ ಹತ್ತರಲ್ಲಿ ಒಂದು ಪಾಲು ಕೂಡ ಕೆಲಸಕ್ಕೆ ಬರುವುದು ಕಷ್ಟ. ಉಳಿದದ್ದು ಹೊಗೆಕೊಳವಿಯಲ್ಲಿ ಹೋಗುತ್ತಿತ್ತು. ಈ ಲೆಕ್ಕ ವಿದ್ಯಾರ್ಥಿಯ ಮನಸ್ಸಿನಲ್ಲಿ ಮುಳ್ಳಿನಂತೆ ನಟ್ಟಿತು. 1879ರಲ್ಲಿ ಅಂತಿಮ ಪರೀಕ್ಷೆಯ ಹೊತ್ತಿಗೆ ವಿಷಮಶೀತಜ್ವರ ಬಂದು ಪರೀಕ್ಷೆ ತಪ್ಪಿತು. ಸ್ವಿಟ್ಜರ್ಲೆಂಡಿನ ವಿಂಟರ್‌ಟೂರಿನಲ್ಲಿದ್ದ ಸುಲ್ಜರ್ ಕಾರ್ಖಾನೆಯಲ್ಲಿ ಕೆಲವು ತಿಂಗಳು ಕೈಕೆಲಸ ಕಲಿತು, 1880ರ ಜನವರಿಯಲ್ಲಿ ಪರೀಕ್ಷೆಗೆ ಕುಳಿತು ಅತ್ಯುನ್ನತ ದರ್ಜೆಯಲ್ಲಿ ಉತ್ತೀರ್ಣನಾದನು. ಈ ವಿಂಟರ್‌ಟೂರು ಮತ್ತೆ ಕಥೆಯೊಳಗೆ ಬರಲಿದೆ.

ಲಿಂಡೆಯವರ ಮಂಜುಗಡ್ಡೆ ಯಂತ್ರಗಳ ವ್ಯವಹಾರ ನೋಡಿಕೊಳ್ಳಲು ಡೀಸೆಲ್ ಅವರು, ಹುಡುಗನಾಗಿದ್ದಾಗ ಬಿಟ್ಟು ಬಂದ ಪ್ಯಾರಿಸಿಗೇ ಮರಳಿದರು. 1883ರಲ್ಲಿ ಮಾರ್ತಾ ಫ್ಲಾಷೆ ಎಂಬವರನ್ನು ಮದುವೆಯಾದರು, ಮೂವರು ಮಕ್ಕಳಾದರು. ಹಗಲು ಮಂಜುಗಡ್ಡೆ, ಇರುಳು ಎಂಜಿನ್ ಎಂಬಂತೆ ದಿನಗಳು ಸಾಗಿದವು. ಉಗಿಯ ಬದಲು ಅಮೋನಿಯ ಅನಿಲದಿಂದ ನಡೆಯುವ ಯಂತ್ರವನ್ನು ಮಾಡಹೊರಟಾಗ ಅದು ಸಿಡಿದು, ಅವರು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. 1890ರಲ್ಲಿ ಸಂಸಾರ ಬರ್ಲಿನ್ನಿಗೆ ಬಂದಿತು. ಅಷ್ಟರಲ್ಲಿ ಅಮೋನಿಯದ ಆಸೆ ಬಿಟ್ಟುಹೋಗಿತ್ತು. ಅದಕ್ಕಿಂತ ಸರಳವಾದ ಹೊಳಹೊಂದು ಕೈಸೇರಿತ್ತು.

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಮುಟ್ಟಿ ನೋಡದ ಮಕ್ಕಳಿಲ್ಲ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಬಹಳ ಬೇಗ, ಬಹಳ ಬಲವಾಗಿ ಒತ್ತಿದರೆ ಬೆಂಕಿ ಹೊತ್ತುವಷ್ಟು ಕಾಯುತ್ತದೆ. ಆಗ್ನೇಯ ಏಷ್ಯಾದ ಜನರು ಈ ಗುಣವನ್ನು ಬಳಸಿ, ಸಣ್ಣ ಕೊಳವೆಯೊಳಗೆ ಕಡ್ಡಿಯನ್ನು ಥಟ್ಟನೆ ತಳ್ಳಿ ಒಣ ನಾರಿಗೆ ಬೆಂಕಿ ಹೊತ್ತಿಸುತ್ತಿದ್ದರು. ಅಂತಹುದೊಂದು ಕೊಳವೆಯನ್ನು ಡೀಸೆಲ್ ಅವರು ಆಗ್ಸ್‌ಬರ್ಗಿನ ಶಾಲೆಯಲ್ಲಿಯೇ ಕಂಡಿದ್ದರೆಂದು ಅವರ ಜೀವನವನ್ನು ಬರೆದವರು ಹೇಳುತ್ತಾರೆ. ಅದುವರೆಗಿನ ಪೆಟ್ರೋಲ್ ಹಾಗೂ ಅನಿಲ ಎಂಜಿನ್ನುಗಳಲ್ಲಿ ಇಂಧನವನ್ನೂ ಗಾಳಿಯನ್ನೂ ಮೊದಲೇ ಬೆರೆಸಿ, ಅನಂತರ ಕಿಡಿಯಿಂದಲೋ ಜ್ವಾಲೆಯಿಂದಲೋ ಹೊತ್ತಿಸುತ್ತಿದ್ದರು. ಡೀಸೆಲ್ ಅವರ ಯೋಚನೆಯಲ್ಲಿ ಸಿಲಿಂಡರಿನೊಳಕ್ಕೆ ಬರುವುದು ಬರಿಯ ಗಾಳಿ. ಪಿಸ್ಟನ್ ಅದನ್ನು ಅಮುಕುತ್ತದೆ. ಗಾಳಿ ಕೆಂಡದಂತೆ ಕಾದ ಕ್ಷಣದಲ್ಲಿ ಇಂಧನವನ್ನು ಸಿಂಪಡಿಸಬೇಕು. ಕಿಡಿಯಿಲ್ಲದೆ ಅದು ತಾನಾಗಿ ಉರಿದು ಪಿಸ್ಟನ್ನನ್ನು ಹಿಂದಕ್ಕೆ ನೂಕುತ್ತದೆ. ಹೆಚ್ಚು ಅಮುಕಿದಷ್ಟೂ ಇಂಧನದಿಂದ ಹೆಚ್ಚು ಕೆಲಸ ದೊರೆಯುತ್ತದೆ. 1892ರ ಫೆಬ್ರವರಿಯಲ್ಲಿ ಇದಕ್ಕೆ ಜರ್ಮನಿಯಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಮರುವರ್ಷ ಅದು ದೊರೆಯಿತು.

ಕಾಗದದ ಮೇಲಿನ ಲೆಕ್ಕ ಲೋಹದಲ್ಲಿ ನಿಲ್ಲುವುದಕ್ಕೆ ನಾಲ್ಕು ವರ್ಷ ಹಿಡಿಯಿತು. ಹೈನ್‌ರಿಶ್ ಫಾನ್ ಬುಜ್ ಅವರು ನಡೆಸುತ್ತಿದ್ದ ಆಗ್ಸ್‌ಬರ್ಗಿನ ಯಂತ್ರ ಕಾರ್ಖಾನೆ ಪ್ರಯೋಗಕ್ಕೆ ಜಾಗ ಕೊಟ್ಟಿತು. ಕ್ರುಪ್ ಸಂಸ್ಥೆ ಹಣದಲ್ಲಿ ಪಾಲು ಕೊಟ್ಟಿತು. ಮೊದಲು ಹಾಕಿದ ಲೆಕ್ಕದಷ್ಟು ಒತ್ತಡವನ್ನು ತಾಳುವ ಯಂತ್ರ ಆಗ ಯಾರಿಂದಲೂ ಆಗದೆಂದು ಕಂಡು ಒತ್ತಡವನ್ನು ತಗ್ಗಿಸಿದರು. 1893ರ ಆಗಸ್ಟ್ 10ರಂದು ಮೊದಲ ಪರೀಕ್ಷೆ. ಇಂಧನ ಒಳಗೆ ಹೋದೊಡನೆ ಹೊತ್ತಿಕೊಂಡಿತು. ಅದರ ಜೊತೆಯಲ್ಲೇ ಒತ್ತಡವನ್ನು ಅಳೆಯುವ ಉಪಕರಣ ಒಡೆದು ಚೂರಾಗಿ ಹಾರಿತು. ಎಂಜಿನ್ ಓಡಲಿಲ್ಲ, ಆದರೆ ಒತ್ತಡದಿಂದಲೇ ಬೆಂಕಿ ಹುಟ್ಟುವುದೆಂಬುದು ರುಜುವಾತಾಯಿತು. 1894ರ ಫೆಬ್ರವರಿ 17ರಂದು ಅದು ಮೊದಲ ಬಾರಿಗೆ ತನ್ನ ಬಲದಿಂದ ತಾನೇ ತಿರುಗಿತು, ಸುಮಾರು ಒಂದು ನಿಮಿಷ ಮಾತ್ರ. ಅಲ್ಲಿಯವರೆಗೆ ಕಾರ್ಖಾನೆಯ ಪಟ್ಟಿ ಎಂಜಿನ್ನನ್ನು ಎಳೆಯುತ್ತಿತ್ತು. ಈಗ ಎಂಜಿನ್ನೇ ಪಟ್ಟಿಯನ್ನು ಎಳೆಯುತ್ತಿರುವುದನ್ನು ಮೊದಲು ಗಮನಿಸಿದ್ದು ಪಕ್ಕದಲ್ಲಿದ್ದ ಕೆಲಸಗಾರ. ಆತ ಮಾತಾಡದೆ ತಲೆಯ ಟೋಪಿಯನ್ನು ತೆಗೆದನಂತೆ.

ಸರಿಯಾಗಿ ಮೂರು ವರ್ಷಗಳ ಬಳಿಕ, 1897ರ ಫೆಬ್ರವರಿ 17ರಂದು, ಮ್ಯೂನಿಕ್ಕಿನ ಪ್ರಾಧ್ಯಾಪಕ ಮೊರಿಟ್ಜ್ ಶ್ರೋಟರ್ ಅವರು ಅಧಿಕೃತವಾಗಿ ಅಳೆದು ನೋಡಿದರು. ಸುಮಾರು ಮೂರು ಮೀಟರ್ ಎತ್ತರದ, ಒಂದೇ ಸಿಲಿಂಡರಿನ, 20 ಅಶ್ವಶಕ್ತಿಯ ಆ ಎಂಜಿನ್ ಇಂಧನದ ಶಕ್ತಿಯಲ್ಲಿ ಶೇಕಡ 26ರಷ್ಟನ್ನು ಕೆಲಸವಾಗಿ ಮಾರ್ಪಡಿಸಿತು. ಜಗತ್ತಿನಲ್ಲಿ ಅಂದು ಬೇರಾವ ಉಷ್ಣಯಂತ್ರಕ್ಕೂ ಆ ದಕ್ಷತೆ ಇರಲಿಲ್ಲ.

ಮುಂದಿನದು ಕೀರ್ತಿಯ ಕಥೆ. ಅದನ್ನು ನಾವು ಬೇಗ ಹೇಳಿಬಿಡುತ್ತೇವೆ. ಅಮೆರಿಕದ ಹಕ್ಕನ್ನು ಅಡಾಲ್ಫಸ್ ಬುಷ್ ಎಂಬ ಧನಿಕರು ಹತ್ತು ಲಕ್ಷ ಮಾರ್ಕಿಗೆ ಕೊಂಡರು. ಮ್ಯೂನಿಕ್ಕಿನಲ್ಲಿ ಅರಮನೆಯಂತಹ ಮನೆ ಎದ್ದಿತು. 1900ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಎಂಜಿನ್ನಿಗೆ ಅತ್ಯುನ್ನತ ಬಹುಮಾನ ಬಂದಿತು. ಅದೇ ಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿಸಿ ತೋರಿಸಲಾಯಿತು. ಯಂತ್ರದಲ್ಲಿ ಏನನ್ನೂ ಬದಲಿಸಿರಲಿಲ್ಲ. ರಾಯದುರ್ಗ ಮಡಕಶಿರಾಗಳ ಒಣ ಹೊಲಗಳಲ್ಲಿ ಬೆಳೆಯುವ, ಜತ್ತದ ಕಡೆ ಶೇಂಗಾ ಎಂದೂ ಕಾಸರಗೋಡಿನ ಕಡೆ ನೆಲಗಡಲೆ ಎಂದೂ ಕರೆಯುವ ಅದೇ ಕಡಲೆಕಾಯಿ. ರೈತನು ತಾನು ಬೆಳೆದ ಎಣ್ಣೆಯಿಂದಲೇ ಯಂತ್ರ ನಡೆಸುವ ದಿನ ಬರಬಹುದೆಂಬ ಆಸೆಯನ್ನು ಡೀಸೆಲ್ ಅವರು ಕೊನೆಯವರೆಗೂ ಬಿಡಲಿಲ್ಲ. ದೊಡ್ಡ ಕಾರ್ಖಾನೆಗಳ ಎದುರು ಸಣ್ಣ ಕಸುಬುದಾರರೂ ಬಾಳಬೇಕೆಂಬುದು ಅವರ ಮೂಲ ಹಂಬಲ. ಆ ಕುರಿತು 1903ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಪುಸ್ತಕವನ್ನು ಕೊಂಡವರು ಕಡಿಮೆ. ಅದರ ನಡುವೆ ಪೇಟೆಂಟಿನ ವಿವಾದಗಳು, ನರಗಳ ಬಳಲಿಕೆ, ತೀವ್ರ ತಲೆನೋವು, ಹೂಡಿದ ಹಣದ ನಷ್ಟ. ಯಂತ್ರದ ಲೆಕ್ಕದಲ್ಲಿ ತಪ್ಪದ ಮನುಷ್ಯ ಹಣದ ಲೆಕ್ಕದಲ್ಲಿ ಮತ್ತೆ ಮತ್ತೆ ತಪ್ಪಿದರು.

ಅವರ ಎಂಜಿನ್ ಕಾರ್ಖಾನೆಯಲ್ಲಿ ನಿಂತಿತು, ಹಡಗನ್ನು ಹತ್ತಿತು. ರೈಲು ಮಾತ್ರ ಒಲಿಯಲಿಲ್ಲ. ಅಂದಿನ ಜಗತ್ತಿನಲ್ಲಿ ಅತಿ ಹೆಚ್ಚು ಕಲ್ಲಿದ್ದಲನ್ನು ದುಂದು ಮಾಡುತ್ತಿದ್ದ ಯಂತ್ರಗಳಲ್ಲಿ ಉಗಿಬಂಡಿಯೂ ಒಂದು. ಅದನ್ನು ಬಿಟ್ಟು ಡೀಸೆಲ್ ಅವರ ಗೆಲುವು ಪೂರ್ಣವಾಗುವಂತಿರಲಿಲ್ಲ. 1906ರ ಸುಮಾರಿಗೆ ಅವರು ಅಡಾಲ್ಫ್ ಕ್ಲೋಸೆ ಎಂಬ ರೈಲ್ವೆ ಎಂಜಿನಿಯರರ ಮತ್ತು ತಾವು ತರುಣರಾಗಿದ್ದಾಗ ದುಡಿದಿದ್ದ ಸುಲ್ಜರ್ ಕಾರ್ಖಾನೆಯ ಜೊತೆಗೂಡಿದರು. ಎಂಜಿನ್ ವಿಂಟರ್‌ಟೂರಿನಲ್ಲಿ ತಯಾರಾಯಿತು, ಬಂಡಿಯ ಒಡಲನ್ನು ಬರ್ಲಿನ್ನಿನ ಬೋರ್ಸಿಗ್ ಕಾರ್ಖಾನೆ ಕಟ್ಟಿತು. 1912ರ ಬೇಸಿಗೆಯಲ್ಲಿ 95 ಟನ್ ತೂಕದ, ಸುಮಾರು 1,200 ಅಶ್ವಶಕ್ತಿಯ ಆ ಬಂಡಿ ವಿಂಟರ್‌ಟೂರು ಮತ್ತು ರೋಮನ್ಸ್‌ಹಾರ್ನ್ ನಡುವೆ ಹಳಿಯ ಮೇಲೆ ಇಳಿಯಿತು. ಗಂಟೆಗೆ 100 ಕಿಲೋಮೀಟರ್ ಓಡಬಲ್ಲ ಬಂಡಿ.

ಅದರ ತೊಂದರೆ ಓಡುವುದರಲ್ಲಿ ಇರಲಿಲ್ಲ, ಹೊರಡುವುದರಲ್ಲಿ ಇತ್ತು. ಉಗಿಬಂಡಿ ನಿಂತಲ್ಲಿಯೇ ಪೂರ್ಣ ಬಲವನ್ನು ಹಾಕಬಲ್ಲದು. ಬಾಯ್ಲರಿನಲ್ಲಿ ಒತ್ತಡ ಕಾದು ಕುಳಿತಿರುತ್ತದೆ. ಬಾಗಿಲು ತೆರೆದೊಡನೆ ಅದು ಪಿಸ್ಟನ್ನನ್ನು ದೂಡುತ್ತದೆ. ಡೀಸೆಲ್ ಎಂಜಿನ್ನಿಗೆ ಅಂತಹ ಕೂಡಿಟ್ಟ ಬಲವಿಲ್ಲ. ತಿರುಗುತ್ತಿದ್ದರೆ ತಾನೇ ಗಾಳಿಯನ್ನು ಒತ್ತುವುದು, ಒತ್ತಿದರೆ ತಾನೇ ಬೆಂಕಿ? ನಿಂತ ಎಂಜಿನ್ನಿನ ಬಲ ಸೊನ್ನೆ. ಅದರ ದಂಡವನ್ನು ನೇರವಾಗಿ ಗಾಲಿಗಳಿಗೆ ಜೋಡಿಸಿದರೆ, ಗಾಲಿ ನಿಂತಾಗ ಎಂಜಿನ್ನೂ ನಿಲ್ಲುತ್ತದೆ. ಎಂಜಿನ್ ನಿಂತಾಗ ಗಾಲಿಯನ್ನು ಎಳೆಯುವವರಿಲ್ಲ. ಲಾರಿಯಲ್ಲಿ ಕ್ಲಚ್ಚೂ ಗೇರೂ ಈ ಬಿಕ್ಕಟ್ಟನ್ನು ಬಿಡಿಸುತ್ತವೆ, ಆದರೆ ನೂರಾರು ಟನ್ ಎಳೆಯುವ ಸಾವಿರ ಅಶ್ವಶಕ್ತಿಯನ್ನು ತಾಳುವ ಕ್ಲಚ್ಚು ಅಂದು ಇರಲಿಲ್ಲ. ಡೀಸೆಲ್ ಅವರ ಬಂಡಿಯಲ್ಲಿ ದಂಡವನ್ನು ಸಲಾಕೆಗಳ ಮೂಲಕ ಗಾಲಿಗಳಿಗೆ ನೇರವಾಗಿಯೇ ಜೋಡಿಸಿದ್ದರು. ಹೊರಡುವಾಗ ಸಿಲಿಂಡರುಗಳಿಗೆ ಒತ್ತಿಟ್ಟ ಗಾಳಿಯನ್ನು ಬಿಟ್ಟು, ಗಂಟೆಗೆ ಸುಮಾರು 10 ಕಿಲೋಮೀಟರ್ ವೇಗ ಬಂದ ಮೇಲೆ ಇಂಧನ ಹಾಯಿಸುವುದು ಉಪಾಯ. ಉಪಾಯ ಜಾಣತನದ್ದೇ, ಆದರೆ ದಿನಕ್ಕೆ ಹತ್ತಾರು ಕಡೆ ನಿಂತು ಹೊರಡುವ ಗಾಡಿಗೆ ಅದು ಒಗ್ಗಲಿಲ್ಲ. ಭಾಗಗಳು ಮುರಿಯತೊಡಗಿದವು. ಪ್ರಶ್ಯದ ರೈಲ್ವೆಗೆ ಒಪ್ಪಿಸಿದ ಬಂಡಿ ಕೆಲವೇ ಓಟಗಳನ್ನು ಕಂಡು, 1914ರಲ್ಲಿ ಮಹಾಯುದ್ಧ ಹತ್ತಿದ ಮೇಲೆ ಮೂಲೆ ಸೇರಿ, ಮುಂದೆ ಗುಜರಿಯಾಯಿತು.

ಅದನ್ನು ನೋಡಲು ಡೀಸೆಲ್ ಅವರು ಇರಲಿಲ್ಲ. 1913ರ ಸೆಪ್ಟೆಂಬರ್ 29ರ ಸಂಜೆ ಬೆಲ್ಜಿಯಮ್ಮಿನ ಆಂಟ್‌ವರ್ಪಿನಲ್ಲಿ ಡ್ರೆಸ್ಡನ್ ಎಂಬ ಹಡಗನ್ನು ಹತ್ತಿ ಇಂಗ್ಲೆಂಡಿಗೆ ಹೊರಟಿದ್ದರು. ಲಂಡನ್ನಿನಲ್ಲಿ ಕಂಪನಿಯೊಂದರ ಸಭೆಯಿತ್ತು. ಜೊತೆಗಾರರೊಡನೆ ಊಟ ಮಾಡಿ, ಬೆಳಿಗ್ಗೆ ಆರೂಕಾಲಿಗೆ ಎಬ್ಬಿಸಬೇಕೆಂದು ಹೇಳಿ ಕೋಣೆಗೆ ಹೋದರು. ಬೆಳಿಗ್ಗೆ ಕೋಣೆ ಬರಿದಾಗಿತ್ತು, ಹಾಸಿಗೆಯಲ್ಲಿ ಯಾರೂ ಮಲಗಿದ ಗುರುತಿರಲಿಲ್ಲ. ಹಡಗಿನ ಹಿಂಭಾಗದ ಕಟಕಟೆಯ ಬಳಿ ಅವರ ಹ್ಯಾಟು ಮತ್ತು ಮಡಿಸಿಟ್ಟ ಮೇಲಂಗಿ ಸಿಕ್ಕವು. ಹತ್ತು ದಿನಗಳ ಬಳಿಕ ಡಚ್ಚರ ದೋಣಿಯೊಂದಕ್ಕೆ ಕಡಲಿನಲ್ಲಿ ಒಂದು ದೇಹ ಕಂಡಿತು. ಅದರ ಜೇಬಿನಲ್ಲಿದ್ದ ಸಣ್ಣಪುಟ್ಟ ವಸ್ತುಗಳನ್ನು ತೆಗೆದುಕೊಂಡು ದೇಹವನ್ನು ಕಡಲಿಗೇ ಬಿಟ್ಟರು. ಆ ವಸ್ತುಗಳು ತಂದೆಯವೇ ಎಂದು ಮಗ ಆಯ್ಗೆನ್ ಗುರುತಿಸಿದನು. ಮನೆಯವರ ಪಾಲಿಗೆ ಉಳಿದದ್ದು ಬರಿದಾದ ಬ್ಯಾಂಕ್ ಖಾತೆಗಳು ಮತ್ತು ಸಾಲ. ಜೀವವನ್ನು ತಾವೇ ಕಳೆದುಕೊಂಡರೆಂದು ಹಲವರು ನಂಬುತ್ತಾರೆ, ಬೇರೆ ಕಾರಣಗಳನ್ನು ಊಹಿಸಿದವರೂ ಇದ್ದಾರೆ, ಯಾವುದೂ ರುಜುವಾತಾಗಿಲ್ಲ. ಅವರಿಗೆ ಐವತ್ತೈದು ವರ್ಷವಾಗಿತ್ತು. ಯುದ್ಧ ಓಡಿಸಿದ ಹುಡುಗನಾಗಿ ಕಡಲು ದಾಟಿ ಹೋಗಿದ್ದ ಲಂಡನ್ನಿಗೆ ಮತ್ತೆ ಹೊರಟವರು ತಲುಪಲೇ ಇಲ್ಲ.

ಅವರ ರೈಲುಬಂಡಿಗೆ ಬೇಕಿದ್ದ ಉತ್ತರ ಆ ಹೊತ್ತಿಗಾಗಲೇ ಮೊಳೆಯುತ್ತಿತ್ತು. ಸ್ವೀಡನ್ನಿನಲ್ಲಿ 1913ರ ಸುಮಾರಿಗೆ ಒಂದು ಸಣ್ಣ ಗಾಡಿ ಹೊಸ ರೀತಿಯಲ್ಲಿ ಓಡಿತು: ಎಂಜಿನ್ನನ್ನು ಗಾಲಿಗೆ ಜೋಡಿಸದೆ, ವಿದ್ಯುತ್ ಉತ್ಪಾದಿಸುವ ಜನರೇಟರಿಗೆ ಜೋಡಿಸಿದ್ದರು. ಆ ವಿದ್ಯುತ್ತು ಗಾಲಿಗಳ ಬಳಿಯ ಮೋಟಾರುಗಳನ್ನು ತಿರುಗಿಸುತ್ತದೆ. ಎಂಜಿನ್ನಿಗೂ ಗಾಲಿಗೂ ನಡುವೆ ಈಗ ಉಕ್ಕಿನ ದಂಡವಿಲ್ಲ, ತಾಮ್ರದ ತಂತಿಯಿದೆ. ಗಾಲಿ ನಿಂತಿದ್ದರೂ ಎಂಜಿನ್ ತನ್ನ ಪಾಡಿಗೆ ತಿರುಗಬಹುದು. ವಿದ್ಯುತ್ ಮೋಟಾರಿನ ಗುಣವಾದರೋ ಡೀಸೆಲ್ ಎಂಜಿನ್ನಿಗೆ ತದ್ವಿರುದ್ಧ: ಅದರ ತಿರುಗಿಸುವ ಬಲ ಅತಿ ಹೆಚ್ಚಾಗಿರುವುದು ನಿಂತಲ್ಲಿಂದ ಹೊರಡುವಾಗಲೇ. ಒಬ್ಬನ ಕುಂದನ್ನು ಇನ್ನೊಬ್ಬ ತುಂಬುವ ಜೋಡಿ.

ಇಲ್ಲಿ ಹತ್ತನೆಯ ತರಗತಿಯ ಮಕ್ಕಳು ತಮ್ಮ ಪಾಠವನ್ನು ನೆನೆಯಬೇಕು. ವಿಭವಾಂತರವನ್ನು ವಿದ್ಯುತ್ ಪ್ರವಾಹದಿಂದ ಗುಣಿಸಿದರೆ ಸಾಮರ್ಥ್ಯ. ಎಂಜಿನ್ ಕೊಡುವ ಸಾಮರ್ಥ್ಯ ಒಂದೇ ಆಗಿದ್ದರೂ, ಹೊರಡುವಾಗ ಪ್ರವಾಹವನ್ನು ಹೆಚ್ಚಿಸಿ ವಿಭವಾಂತರವನ್ನು ತಗ್ಗಿಸಿದರೆ ಮೋಟಾರಿಗೆ ಭಾರಿ ಬಲ ಬರುತ್ತದೆ. ವೇಗ ಏರಿದಂತೆ ಪ್ರವಾಹ ಇಳಿದು ವಿಭವಾಂತರ ಏರುತ್ತದೆ. ಲಾರಿಯ ಚಾಲಕ ಗೇರು ಬದಲಿಸಿ ಮಾಡುವ ಕೆಲಸ ಇಲ್ಲಿ ಹಲ್ಲುಗಾಲಿಯ ಸದ್ದಿಲ್ಲದೆ ತಂತಿಯೊಳಗೆ ನಡೆಯುತ್ತದೆ. ಆದರೆ ಇದನ್ನು ಹದವಾಗಿ ನಡೆಸದಿದ್ದರೆ ಎಂಜಿನ್ ಹೊರೆ ತಾಳದೆ ನಿಲ್ಲುತ್ತದೆ, ಇಲ್ಲವೇ ಮೋಟಾರು ಸುಡುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಹರ್ಮನ್ ಲೆಂಪ್ ಎಂಬವರು ಎಂಜಿನ್ನನ್ನೂ ಜನರೇಟರನ್ನೂ ಒಂದೇ ಹಿಡಿಕೆಯಿಂದ ಹೊಂದಿಸಿ ನಡೆಸುವ ವಿಧಾನವನ್ನು ರೂಪಿಸಿದರು. ನಮ್ಮ ಅಭಿಪ್ರಾಯದಲ್ಲಿ ಡೀಸೆಲ್ ರೈಲಿನ ಕಥೆಯಲ್ಲಿ ಸಲ್ಲಬೇಕಾದಷ್ಟು ಮನ್ನಣೆ ಸಲ್ಲದ ಹೆಸರು ಇದು.

1924ರಲ್ಲಿ ರಷ್ಯದ ಎಂಜಿನಿಯರ್ ಯೂರಿ ಲೊಮೊನೊಸೊವ್ ಅವರು ಜರ್ಮನಿಯ ಎಸ್‌ಲಿಂಗನ್ನಿನಲ್ಲಿ ಕಟ್ಟಿಸಿದ ಬಂಡಿ ಮುಖ್ಯ ಹಳಿಯ ಮೇಲೆ ದೊಡ್ಡ ಗಾಡಿಗಳನ್ನು ಎಳೆದು ತೋರಿಸಿತು. ಅದರ ಎಂಜಿನ್ನಿನ ಬಲ 1,200 ಅಶ್ವಶಕ್ತಿ, ಅಂದರೆ ಡೀಸೆಲ್ ಅವರ ಸೋತ ಬಂಡಿಯಷ್ಟೇ. ಎಂಜಿನ್ ಒದಗಿಸಿದ್ದು ಎಂ.ಎ.ಎನ್. ಸಂಸ್ಥೆ, ಅಂದರೆ ಆಗ್ಸ್‌ಬರ್ಗಿನ ಆ ಹಳೆಯ ಕಾರ್ಖಾನೆಯ ಮುಂದಿನ ರೂಪ. ಬದಲಾದದ್ದು ನಡುವಿನ ವಿದ್ಯುತ್ತು ಮಾತ್ರ. ಹತ್ತು ವರ್ಷಗಳ ಅನಂತರ ಅಮೆರಿಕದ ಜೆಫಿರ್ ಎಂಬ ಗಾಡಿ ಡೆನ್ವರಿನಿಂದ ಶಿಕಾಗೋವರೆಗಿನ ಸುಮಾರು 1,600 ಕಿಲೋಮೀಟರುಗಳನ್ನು 13 ಗಂಟೆ 5 ನಿಮಿಷಗಳಲ್ಲಿ ಓಡಿದಾಗ ಉಗಿಬಂಡಿಯ ದಿನಗಳು ಎಣಿಕೆಗೆ ಸಿಕ್ಕವು.

ಭಾರತದಲ್ಲಿ ಈ ವಂಶದ ಅತ್ಯಂತ ಪರಿಚಿತ ಬಂಡಿ ಡಬ್ಲ್ಯೂ.ಡಿ.ಎಂ.-2. ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸ. ಕಾಶಿಯ ಡೀಸೆಲ್ ಲೋಕೋಮೋಟಿವ್ ಕಾರ್ಖಾನೆಯಲ್ಲಿ ಕೂಡಿಸಿದ ಮೊದಲ ಬಂಡಿ 1964ರ ಜನವರಿಯಲ್ಲಿ ಹೊರಬಂದಿತು. ಅದರ ಉದ್ದನೆಯ ಮೂತಿಯ ಮುಚ್ಚಳಗಳ ಒಳಗೆ ಹದಿನಾರು ಸಿಲಿಂಡರುಗಳ, 2,600 ಅಶ್ವಶಕ್ತಿಯ ಎಂಜಿನ್ ಇದೆ. ಸಿಲಿಂಡರಿಗೆ ಹೆಚ್ಚು ಗಾಳಿಯನ್ನು ತುರುಕಲು, ಹೊರಹೋಗುವ ಹೊಗೆಯ ಬಲದಿಂದಲೇ ತಿರುಗುವ ಟರ್ಬೋ. ಎಂಜಿನ್ನಿಗೆ ಸೇರಿದಂತೆ ಮುಖ್ಯ ಜನರೇಟರ್. ಕೆಳಗೆ ಎರಡು ಬೋಗಿಗಳು, ಒಂದೊಂದರಲ್ಲಿ ಮೂರು ಅಚ್ಚುಗಳು, ಪ್ರತಿ ಅಚ್ಚಿಗೂ ಒಂದು ಮೋಟಾರು, ಒಟ್ಟು ಆರು. ಎಂಜಿನ್ನಿನ ನೀರನ್ನು ತಣಿಸಲು ರೇಡಿಯೇಟರೂ ದೊಡ್ಡ ಬೀಸಣಿಗೆಯೂ, ಮೋಟಾರುಗಳು ಸುಡದಂತೆ ಗಾಳಿಯೂದುವ ಬ್ಲೋವರುಗಳು, ಬ್ರೇಕಿಗೆ ಗಾಳಿ ಒತ್ತುವ ಕಂಪ್ರೆಸರ್. ಎಂಜಿನ್ನನ್ನು ಮೊದಲು ಎಬ್ಬಿಸುವುದು ಬ್ಯಾಟರಿ. ಚಾಲಕರ ಕೈಯಲ್ಲಿರುವುದು ಎಂಟು ಮೆಟ್ಟಿಲುಗಳ ಒಂದು ಹಿಡಿಕೆ. ಒಂದೊಂದು ಮೆಟ್ಟಿಲಿಗೂ ಎಂಜಿನ್ ಸುಮಾರು 400ರಿಂದ 1,000 ಸುತ್ತಿನವರೆಗೆ ಏರುತ್ತ ಹೋಗುತ್ತದೆ. ಇಳಿಜಾರಿನಲ್ಲಿ ಅವೇ ಮೋಟಾರುಗಳನ್ನು ಜನರೇಟರುಗಳಂತೆ ದುಡಿಸಿ ಗಾಡಿಯನ್ನು ತಡೆಯುವ ವ್ಯವಸ್ಥೆಯೂ ಇಂತಹ ಬಂಡಿಗಳಲ್ಲಿ ಉಂಟು. ಮುಂದೆ ಬಂದ ಬಂಡಿಗಳಲ್ಲಿ ಜನರೇಟರಿನ ಜಾಗಕ್ಕೆ ಆಲ್ಟರ್ನೇಟರ್ ಬಂದಿತು; ಇನ್ನೂ ಹೊಸವುಗಳಲ್ಲಿ ಮೋಟಾರುಗಳೂ ಪರ್ಯಾಯ ವಿದ್ಯುತ್ತಿನವು. ಮೂಲದ ಏರ್ಪಾಡು ಬದಲಾಗಿಲ್ಲ.

ಅನಂತಪುರ ಜಿಲ್ಲೆಯ ಗುತ್ತಿ, ಬೆಂಗಳೂರಿನ ಕೃಷ್ಣರಾಜಪುರ, ಹುಬ್ಬಳ್ಳಿ ಇವು ಇಂತಹ ಬಂಡಿಗಳನ್ನು ಸಾಕಿದ ಶೆಡ್ಡುಗಳು. ಆದವಾನಿಯ, ಹೊಸೂರಿನ, ಗೋವೆಯ ಕಡೆಗೆ ಗಾಡಿಗಳು ಹೊಗೆಯುಗುಳುತ್ತ ಬಂದದ್ದು ಅವುಗಳ ಬಲದಿಂದ. ಈಗ ಬಹುಪಾಲು ಹಳಿಗಳ ಮೇಲೆ ತಂತಿ ಬಂದಿದೆ, ವಿದ್ಯುತ್ ಬಂಡಿಗಳು ಸದ್ದಿಲ್ಲದೆ ಹೊರಡುತ್ತವೆ. ನೀಲಗಿರಿಯ ಮಲೆಯಲ್ಲಿ ಕೂನೂರಿನವರೆಗೆ ಹಲ್ಲುಹಳಿ ಹಿಡಿದು ಉಗಿಬಂಡಿ ಗಾಡಿಯನ್ನು ಹತ್ತಿಸುತ್ತದೆ. ಅಲ್ಲಿ ಅದನ್ನು ಬಿಡಿಸಿ ಊಟಿಯವರೆಗೆ ಸಣ್ಣದೊಂದು ಡೀಸೆಲ್ ವಿದ್ಯುತ್ ಬಂಡಿಯನ್ನು ಜೋಡಿಸುವರು. 1897ರ ಆ 20 ಅಶ್ವಶಕ್ತಿಯ ಎಂಜಿನ್ ಮ್ಯೂನಿಕ್ಕಿನ ಜರ್ಮನ್ ವಸ್ತುಸಂಗ್ರಹಾಲಯದಲ್ಲಿದೆ.